ಪಂಜರವೂ ಪ್ರಯೋಗದ ಭಾಗವೇ

ಇಲಿಯ ಕಲಿಕೆಯನ್ನು ಅಳೆಯುವ ವಿಜ್ಞಾನಿಯ ಗಮನವೆಲ್ಲ ಸಾಮಾನ್ಯವಾಗಿ ಪರೀಕ್ಷೆ ನಡೆಯುವ ಸ್ವಲ್ಪ ಹೊತ್ತಿನ ಮೇಲಿರುತ್ತದೆ. ದಿನದ ಉಳಿದ ಸಮಯವನ್ನು ಆ ಪ್ರಾಣಿ ಕಳೆಯುವ ಪಂಜರ ಮಾತ್ರ ಫಲಿತಾಂಶಕ್ಕೆ ಸಂಬಂಧಿಸದ ಸಂಗತಿಯೆಂಬಂತೆ ಬದಿಗೆ ಸರಿದುಬಿಡುತ್ತದೆ. ಈ ಗ್ರಹಿಕೆ ತಪ್ಪೆಂಬುದಕ್ಕೆ ಸಾಕಷ್ಟು ಹಳೆಯ ಪುರಾವೆಗಳೇ ಇವೆ.

ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್, ಮನೆಯಲ್ಲಿ ಓಡಾಡಿಕೊಂಡು ಬೆಳೆದ ಇಲಿಗಳು ಪ್ರಯೋಗಾಲಯದ ಇಲಿಗಳಿಗಿಂತ ಚುರುಕಾಗಿ ಸಮಸ್ಯೆಗಳನ್ನು ಬಿಡಿಸುತ್ತವೆಂದು 1940ರ ದಶಕದಲ್ಲೇ ವರದಿ ಮಾಡಿದ್ದರು. ಇದಕ್ಕಿಂತ ಹೆಚ್ಚು ವಿಚಾರಕ್ಕೆ ಹಚ್ಚುವಂಥದು ಕೂಪರ್ ಮತ್ತು ಜುಬೆಕ್ 1958ರಲ್ಲಿ ಪ್ರಕಟಿಸಿದ ಅಧ್ಯಯನ. ಅಡ್ಡಗೋಡೆಗಳ ನಡುವೆ ಆಹಾರದತ್ತ ದಾರಿ ಹುಡುಕಬೇಕಾದ ಪೆಟ್ಟಿಗೆಯಲ್ಲಿ ತೋರಿದ ಜಾಣತನವನ್ನು ನೋಡಿ, ಹಲವು ತಲೆಮಾರುಗಳ ಕಾಲ ಆಯ್ದು ಬೆಳೆಸಿದ 'ಚುರುಕು' ಮತ್ತು 'ಮಂದ' ತಳಿಗಳನ್ನು ಅವರು ಬಳಸಿಕೊಂಡರು. ಸಾಮಾನ್ಯ ಪಂಜರದಲ್ಲಿ ಬೆಳೆದಾಗ ಮಂದ ತಳಿ ಸುಮಾರು 164 ತಪ್ಪು ಮಾಡಿದರೆ ಚುರುಕು ತಳಿ ಮಾಡಿದ್ದು ಸುಮಾರು 117; ಆದರೆ ಏನೂ ಇಲ್ಲದ ಬರಿಯ ಪಂಜರದಲ್ಲಿ ಬೆಳೆದಾಗ ಎರಡೂ ಸುಮಾರು 170 ತಪ್ಪು ಮಾಡಿದವು, ಇಳಿಜಾರು, ಸುರಂಗ, ಆಟಿಕೆಗಳಿದ್ದ ಪಂಜರದಲ್ಲಿ ಬೆಳೆದಾಗ ಮಂದ ತಳಿಯೂ ಚುರುಕು ತಳಿಯ ಹತ್ತಿರಕ್ಕೇ ಬಂದಿತು. ರಕ್ತಗತವೆಂದು ಭಾವಿಸಿದ್ದ ವ್ಯತ್ಯಾಸ, ಹಾಗಾದರೆ, ಒಂದು ಬಗೆಯ ಪಂಜರದಲ್ಲಿ ಮಾತ್ರ ಎದ್ದು ಕಾಣುವಂಥದಾಗಿತ್ತು. ಮುಂದೆ ಬರ್ಕ್ಲಿಯಲ್ಲಿ ರೋಸೆನ್‌ಜ್ವೈಗ್, ಮೇರಿಯನ್ ಡೈಮಂಡ್ ಮೊದಲಾದವರು ಸಮೃದ್ಧ ಪರಿಸರದ ಇಲಿಗಳ ಮಿದುಳಿನ ಹೊರಪದರವೇ ದಪ್ಪವಾಗಿರುವುದನ್ನು ತೋರಿಸಿದರು.

ಪ್ರೇರಣೆಯ, ಅಂದರೆ ಏನನ್ನಾದರೂ ಬಯಸಿ ಅದಕ್ಕಾಗಿ ಶ್ರಮಿಸುವ ಪ್ರವೃತ್ತಿಯ, ವಿಷಯವೂ ಹೀಗೆಯೇ. 2004ರಲ್ಲಿ ಬ್ರಿಸ್ಟಲ್‌ನ ಸಂಶೋಧಕರು ಒಂದು ಸ್ವರ ಕೇಳಿದಾಗ ಆಹಾರಕ್ಕಾಗಿ ಸನ್ನೆ ಒತ್ತುವಂತೆಯೂ, ಇನ್ನೊಂದು ಕೇಳಿದಾಗ ಕರ್ಕಶ ಸದ್ದನ್ನು ತಪ್ಪಿಸಿಕೊಳ್ಳಲು ಒತ್ತದಿರುವಂತೆಯೂ ಇಲಿಗಳಿಗೆ ಕಲಿಸಿದರು. ಹಾಸು ಒದ್ದೆಯಾಗುವುದು, ಪಂಜರ ವಾಲುವುದು ಮುಂತಾದ ಅನಿರೀಕ್ಷಿತ ತೊಂದರೆಗಳ ನಡುವೆ ವಾಸಿಸಿದ ಇಲಿಗಳು, ಎರಡರ ನಡುವಿನ ಅಸ್ಪಷ್ಟ ಸ್ವರಗಳಿಗೆ ತಡವಾಗಿಯೂ ವಿರಳವಾಗಿಯೂ ಸನ್ನೆ ಒತ್ತಿದವು. ಒಳ್ಳೆಯದು ಸಿಕ್ಕೀತೆಂಬ ನಿರೀಕ್ಷೆಯೇ ಅವುಗಳಲ್ಲಿ ಕುಗ್ಗಿತ್ತು. ಬ್ರೂಸ್ ಅಲೆಕ್ಸಾಂಡರ್ 1970ರ ದಶಕದ ಕೊನೆಯಲ್ಲಿ ಕಟ್ಟಿದ ವಿಶಾಲ 'ಇಲಿ ಉದ್ಯಾನ'ದಲ್ಲಿ ಕೂಡಿ ಬಾಳಿದ ಇಲಿಗಳು ಒಂಟಿ ಇಲಿಗಳಿಗಿಂತ ಕಡಿಮೆ ಮಾರ್ಫಿನ್ ಕುಡಿದದ್ದು ಹೆಚ್ಚು ಪ್ರಸಿದ್ಧವಾದರೂ, ಅದನ್ನು ಮರಳಿ ಮಾಡಿದಾಗ ಅದೇ ಫಲಿತಾಂಶ ಎಲ್ಲ ಕಡೆಯೂ ಬರಲಿಲ್ಲವಾದ್ದರಿಂದ ವಾದದ ಭಾರವನ್ನೆಲ್ಲ ಅದರ ಮೇಲೆ ಹೊರಿಸುವುದು ಸರಿಯಲ್ಲ.

ಎಲ್ಲೆಡೆ ಒಂದೇ ಬಗೆಯ ಬರಿ ಪಂಜರವಿದ್ದರೆ ಮಾತ್ರ ಫಲಿತಾಂಶಗಳನ್ನು ಹೋಲಿಸಬಹುದೆಂಬ ಆಕ್ಷೇಪ ತೂಕವುಳ್ಳದ್ದೇ. ಆದರೆ 2004ರಲ್ಲೇ ಮೂರು ಪ್ರಯೋಗಾಲಯಗಳಲ್ಲಿ ಚಿಕ್ಕಿಲಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಪಂಜರವನ್ನು ಸಮೃದ್ಧಗೊಳಿಸಿದರೂ ಅಂಕಿಗಳ ಏರಿಳಿತ ಹೆಚ್ಚಲಿಲ್ಲ. ಅದಲ್ಲದೆ ಬರಿ ಪಂಜರದಲ್ಲಿ ಒಂಟಿಯಾಗಿ ಬೆಳೆದ ಗುಂಪುಜೀವಿಯನ್ನು 'ಸಾಮಾನ್ಯ ಇಲಿ' ಎಂದು ಕರೆದು ಅದನ್ನೇ ಅಳತೆಗೋಲಾಗಿಸಿದರೆ, ಸಮೃದ್ಧ ಪಂಜರ ಕಲಿಕೆಯನ್ನು ಹೆಚ್ಚಿಸಿತೋ ಬರಿ ಪಂಜರ ಅದನ್ನು ಕುಂದಿಸಿತೋ ಎಂಬ ಪ್ರಶ್ನೆಯೇ ಮುಚ್ಚಿಹೋಗುತ್ತದೆ. ಆದಕಾರಣ ಪಂಜರದ ವಿಸ್ತಾರ, ಜೊತೆಗಾರರ ಸಂಖ್ಯೆ, ಹಾಸು, ಬೆಳಕಿನ ವೇಳೆ ಇವನ್ನು ಔಷಧದ ಪ್ರಮಾಣವನ್ನು ನಮೂದಿಸುವಷ್ಟೇ ನಿಖರವಾಗಿ ಪ್ರತಿ ಸಂಶೋಧನಾ ಲೇಖನದಲ್ಲೂ ನಮೂದಿಸಬೇಕು.