‘ಆಲು’ ಅಂದ್ರೆ ಆಪ್‌ಗೆ ಯಾಕೆ ಕೋಪ?

ಕನ್ನಡ ಕಲಿಸೋಕೆ ಇನ್ನೊಂದು ಆಪ್ ಬೇಡ. ಹೀಗೆ ಹೇಳ್ತಿರೋ ನಾನೂ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನೇ; ತಂತ್ರಜ್ಞಾನದ ಮೇಲೆ ಹಗೆಯೇನಿಲ್ಲ. ಆದರೆ ಅಡ್ಮಿಷನ್ ಸೀಸನ್‌ನಲ್ಲಿ ನಮ್ಮ ಮಹಾಲಕ್ಷ್ಮಿ ಲೇಔಟ್‌ನಲ್ಲಿ ನೇತಾಡುವ ‘ಸ್ಮಾರ್ಟ್ ಕ್ಲಾಸ್’ ಬ್ಯಾನರ್ ನೋಡಿದಾಗೆಲ್ಲ ಅನ್ನಿಸುತ್ತೆ: ಬೋರ್ಡೇನೋ ಸ್ಮಾರ್ಟ್ ಆಯ್ತು, ಪಾಠ?

ಪಾಠ ಅದೇ ಹಳೇದು. ವಿಭಕ್ತಿ ಪ್ರತ್ಯಯಗಳ ಪಟ್ಟಿ. ಪಂಚಮಿಗೆ ‘ದೆಸೆಯಿಂದ’. ನಿಮ್ಮ ಮನೆಯಲ್ಲಿ ಯಾರಾದರೂ ಯಾವತ್ತಾದರೂ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಅಂದಿದ್ದಾರಾ? ಕಪ್ಪು ಹಲಗೆ ಮೇಲಿದ್ದ ಪಟ್ಟಿ ಈಗ ಬಣ್ಣ ಬಳಿದುಕೊಂಡು ಸ್ಕ್ರೀನ್ ಮೇಲೆ ಕುಣಿಯುತ್ತೆ, ಅಷ್ಟೇ ವ್ಯತ್ಯಾಸ. ಸಂಸ್ಕೃತದ ಅಚ್ಚಿನ ವ್ಯಾಕರಣ ಕನ್ನಡಕ್ಕೆ ಒಗ್ಗುವುದಿಲ್ಲ ಅಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ ಪುಸ್ತಕದ ಮೇಲೆ ಪುಸ್ತಕ ಬರೆದರು. ಅವರಿಗೆ 2012ರ ಪಂಪ ಪ್ರಶಸ್ತಿ ಕೊಟ್ಟೆವು. ಅವರೆತ್ತಿದ ಪ್ರಶ್ನೆಯನ್ನು ಮಾತ್ರ ಶಾಲೆಯ ಗೇಟಿನ ಹೊರಗೇ ನಿಲ್ಲಿಸಿದೆವು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದ ರಾಜ್ಯದ ಎಲ್ಲ ಶಾಲೆಗಳ ಟೈಮ್‌ಟೇಬಲ್‌ಗೂ ಕನ್ನಡ ಬರಬೇಕಾಯ್ತು. ಒಳ್ಳೆಯದೇ. ಆದರೆ ಆ ಪೀರಿಯಡ್‌ನಲ್ಲಿ ನಡೆಯೋದೇನು ಅಂತ ನಾವ್ಯಾರೂ ಕೇಳಲಿಲ್ಲ.

ನಮ್ಮ ಬಿಲ್ಡಿಂಗ್‌ನಲ್ಲಿ ಒಬ್ಬ ಪುಟ್ಟ ಹುಡುಗಿ ಇದ್ದಾಳೆ. ಅವಳ ಅಜ್ಜಿಯದು ನಮ್ಮ ಮದ್ದೂರು ಕಡೆ ಮಾತು. ಕನ್ನಡ ಆಪ್ ‘ಹಾಲು’ ಅನ್ನು ಅಂತು. ಹುಡುಗಿ ಅಜ್ಜಿಯಿಂದ ಕಲಿತ ಹಾಗೆ ‘ಆಲು’ ಅಂದಳು. ಕೆಂಪು ಗುರುತು ಬಂತು. ಇನ್ನೆರಡು ಸಲ ಅದೇ ಆಯ್ತು. ಆಮೇಲೆ ಅವಳು ತಿರುಗಿ, ‘ಅಜ್ಜಿ, ನಿಂಗೆ ಕನ್ನಡ ಸರಿಯಾಗಿ ಬರಲ್ಲ’ ಅಂದುಬಿಟ್ಟಳು. ಎಪ್ಪತ್ತು ವರ್ಷ ಕನ್ನಡವೊಂದನ್ನೇ ಆಡಿದ ಹೆಂಗಸಿಗೆ ಈ ಮಾತು.

ಈಗ ಆ ‘ಹಾಲು’ ಪದವನ್ನೇ ತಗೊಳ್ಳಿ. ಹಳಗನ್ನಡದಲ್ಲಿ ಅದು ‘ಪಾಲ್’. ತಮಿಳು, ಮಲಯಾಳಂನಲ್ಲಿ ಇವತ್ತಿಗೂ ‘ಪಾಲ್’, ತೆಲುಗಿನಲ್ಲಿ ‘ಪಾಲು’. ನಮ್ಮ ‘ಹುಲಿ’ ತಮಿಳು, ತೆಲುಗಿನವರಿಗೆ ‘ಪುಲಿ’, ತುಳುವರಿಗೆ ‘ಪಿಲಿ’. ಸುಮಾರು ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಪದದ ಮೊದಲಿನ ‘ಪ’ ಮೆತ್ತಗಾಗಿ ‘ಹ’ ಆಗತೊಡಗಿತು. ಹಳೇ ಮೈಸೂರಿನ ಹಳ್ಳಿಗಳ ಬಾಯಲ್ಲಿ ಆ ‘ಹ’ ಕೂಡ ಕರಗಿ ‘ಆಲು’ ಆಯ್ತು. ಪಾಲು, ಹಾಲು, ಆಲು: ಒಂದೇ ದಾರಿಯ ಮೂರು ಸ್ಟಾಪು. ಮೊದಲನೇ ಬದಲಾವಣೆಗೆ ‘ಭಾಷೆಯ ಇತಿಹಾಸ’ ಅಂತ ಹೆಸರು, ಎರಡನೇದಕ್ಕೆ ‘ಅನಕ್ಷರಸ್ಥರ ಉಚ್ಚಾರ’ ಅಂತ. ಇದು ಯಾವ ನ್ಯಾಯ? ಬರೀ ಹಳ್ಳಿಯ ಮಾತೂ ಅಲ್ಲ ಇದು. ನಮ್ಮ ಪಕ್ಕದ ಕುರುಬರಹಳ್ಳಿಯನ್ನು ಅಲ್ಲಿನವರು ಕರೆಯೋದು ‘ಕುರುಬ್ರಳ್ಳಿ’ ಅಂತಲೇ.

ಈ ವಿಷಯ ಐದನೇ ಕ್ಲಾಸಿನಲ್ಲಿ ಪಾಠವಾದರೆ ಹೇಗಿರುತ್ತೆ ಯೋಚಿಸಿ. ನಮ್ಮ ಏರಿಯಾದ ಕ್ಲಾಸುಗಳಲ್ಲಿ ತಮಿಳು, ತೆಲುಗು, ತುಳು ಮನೆಯ ಮಕ್ಕಳೂ ಇರ್ತಾರೆ. ಹಾಲು, ಹುಲಿ, ಹತ್ತು, ಹಲ್ಲು, ಹೂವು: ಮನೆಯಲ್ಲಿ ಏನಂತಾರೋ ಅದನ್ನು ಒಬ್ಬೊಬ್ಬರೂ ಪಟ್ಟಿ ಮಾಡಿ ತರಲಿ. ನಿಯಮವನ್ನು ಮಕ್ಕಳೇ ಹಿಡೀತಾರೆ. ‘ಹಾಗಾದ್ರೆ ಪುಸ್ತಕ ಯಾಕೆ ಹುಸ್ತಕ ಆಗ್ಲಿಲ್ಲ ಮಿಸ್?’ ಅಂತ ಒಬ್ಬಳಾದರೂ ಕೇಳ್ತಾಳೆ. ಆ ಪ್ರಶ್ನೆಯೇ ಭಾಷಾವಿಜ್ಞಾನ. ಕನ್ನಡ ಮನೆಮಾತಲ್ಲದ ಹುಡುಗನೂ ಅವತ್ತು ಕ್ಲಾಸಿಗೆ ಬೇಕಾದವನಾಗ್ತಾನೆ, ಅವನ ಮನೆಯ ಪದವೇ ಸಾಕ್ಷಿ.

ಇಲ್ಲಿ ತಂತ್ರಜ್ಞಾನ ಬರಲಿ, ಬೇಡ ಅಂದವರ್ಯಾರು? ಮೊಬೈಲ್‌ನಲ್ಲಿ ಅಜ್ಜಿಯ ಮಾತು ರೆಕಾರ್ಡ್ ಮಾಡಲಿ. ‘ಪ್ರಾಟ್’ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ‘ಹ’ ಇದೆಯೋ ಇಲ್ಲವೋ ಅಂತ ಅದರಲ್ಲಿ ಕಣ್ಣಾರೆ ನೋಡಬಹುದು. ತಮಾಷೆ ನೋಡಿ: ಇಲ್ಲಿಂದ ಸ್ವಲ್ಪ ದೂರದ ಐಐಎಸ್‌ಸಿಯ ‘ವಾಣಿ’ ಯೋಜನೆ, ಯಂತ್ರಗಳಿಗೆ ನಮ್ಮ ಮಾತು ಅರ್ಥವಾಗಲಿ ಅಂತ ಜಿಲ್ಲೆ ಜಿಲ್ಲೆಯ ಜನರ ಆಡುಮಾತನ್ನು ರೆಕಾರ್ಡ್ ಮಾಡಿಸುತ್ತಿದೆ. ಯಂತ್ರಕ್ಕೆ ಬೇಕಾದ ಮಾತು ಮಕ್ಕಳಿಗೆ ಬೇಡವಾ?

‘ಪರೀಕ್ಷೇಲಿ ಆಲು ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?’ ಅಂತ ಕೇಳ್ತೀರಿ. ಕೊಡಬೇಕಿಲ್ಲ. ಬರೆಯುವಾಗ ‘ಹಾಲು’ ಅಂತಲೇ ಬರೆಯಲಿ. ಬರವಣಿಗೆಗೊಂದು ಒಪ್ಪಂದ ಬೇಕು, ನಮ್ಮ ಆಫೀಸಿನ ಕೋಡಿಂಗ್ ಸ್ಟ್ಯಾಂಡರ್ಡ್ ಇದ್ದ ಹಾಗೆ. ಅದನ್ನು ಮುರಿದವನನ್ನು ತಿದ್ದುತ್ತೇವೆ. ಅವನ ಕುಲ, ಊರು, ಅಜ್ಜಿಯನ್ನು ಆಡಿಕೊಳ್ಳೋದಿಲ್ಲ. ಕಾರಣ ಹೇಳದೆ ಬರೀ ತಪ್ಪು ತಪ್ಪು ಅಂದರೆ ಮಗು ಹೆದರಿ ಇಲ್ಲದ ಕಡೆಗೂ ‘ಹ’ ತುರುಕಿ ‘ಹಕ್ಕಿ ರೊಟ್ಟಿ’ ಅನ್ನುತ್ತೆ. ಆಗ ಅದಕ್ಕೂ ನಗ್ತೀವಿ.

2016ರಲ್ಲಿ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ ನಡೆದಿದ್ದು ನಮ್ಮ ಮೈಸೂರಿನಲ್ಲೇ. ಹೈಸ್ಕೂಲ್ ವಯಸ್ಸಿನ ಮಕ್ಕಳು ಹೆಸರೇ ಕೇಳಿರದ ಭಾಷೆಯ ಒಂದಿಷ್ಟು ವಾಕ್ಯ, ಅವುಗಳ ಅರ್ಥ ನೋಡಿ ನಿಯಮ ಕಂಡುಹಿಡಿಯುವ ಸ್ಪರ್ಧೆ ಅದು. ಭಾರತದ ತಂಡವನ್ನು ಆರಿಸೋ ಸ್ಪರ್ಧೆಗೆ ‘ಪಾಣಿನಿ’ ಅಂತ ಹೆಸರು. ಏಳನೇ ಕ್ಲಾಸಿಗೇ ಐಐಟಿ ಫೌಂಡೇಶನ್ ಕೋರ್ಸಿಗೆ ದುಡ್ಡು ಕಟ್ಟುವ ನಮ್ಮಲ್ಲಿ ಎಷ್ಟು ಜನ ಇದರ ಹೆಸರು ಕೇಳಿದ್ದೀವಿ?

ವಾರಕ್ಕೊಂದು ಪೀರಿಯಡ್ ಸಾಕು. ಹೊಸ ಬೋರ್ಡು, ಸಬ್‌ಸ್ಕ್ರಿಪ್ಶನ್ ಯಾವುದೂ ಬೇಡ. ಮುಂದಿನ ಪೇರೆಂಟ್ಸ್ ಮೀಟಿಂಗ್‌ಗೆ ಹೋದಾಗ ಕನ್ನಡದಲ್ಲಿ ಎಷ್ಟು ಮಾರ್ಕ್ಸ್ ಬಂತು ಅಂತ ಕೇಳೋದು ಇದ್ದೇ ಇದೆ. ಅದರ ಜೊತೆಗೆ ಇದನ್ನೂ ಕೇಳಿ: ‘ಈ ವರ್ಷ ನನ್ನ ಮಗು ಕನ್ನಡದ ಬಗ್ಗೆ ಎಷ್ಟು ಪ್ರಶ್ನೆ ಕೇಳಿತು?’