ಗೆರೆಗೆ ಎರಡು ಬೆರಳು ಕಡಿಮೆ



ಹೋದ ತಿಂಗಳು ಉದ್ದರಿ ವಸೂಲಿಯ ವಿಷಯ ಬರೆದಿದ್ದೆವು. ಈ ಸಲದ ಮಾತು ಕೆಲವರಿಗೆ ಹುಡುಗಾಟವೆನಿಸೀತು. ಅರವತ್ತು ದಾಟಿದ ನಾವು, ಸೊಲ್ಲಾಪುರದಲ್ಲಿ ಚಾದರ ಟಾವೆಲ್ ಮಾರುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು, 2023ರ ದೀಪಾವಳಿಯಿಂದ 2024ರ ದೀಪಾವಳಿಯೊಳಗೆ ಒಂದೇ ಮನೋರಂಜನೆಯ ಉದ್ಯಾನಕ್ಕೆ ಐದು ಸಲ ಹೋಗಿ ಬಂದೆವು. ತೀರ್ಥಕ್ಷೇತ್ರಕ್ಕೂ ವರ್ಷದಲ್ಲಿ ಇಷ್ಟು ಸಲ ಹೋದದ್ದಿಲ್ಲ. ಮನೆಯಲ್ಲಿ ಈ ಮಾತು ಎದ್ದಾಗ ನಾವು ಪೇಪರು ಮುಂದೆ ಹಿಡಿಯುತ್ತೇವೆ.

ಉದ್ಯಾನದ ಹೆಸರು ಇಮ್ಯಾಜಿಕಾ. ಪುಣೆಯಿಂದ ಮುಂಬಯಿಗೆ ಹೋಗುವ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಬೋರಘಾಟ ಇಳಿದ ಮೇಲೆ ಖೋಪೋಲಿಯ ಹತ್ತಿರ ಸಿಗುತ್ತದೆ. ನಮ್ಮ ಮಗಳ ಮನೆ ಪುಣೆಯಲ್ಲಿರುವುದರಿಂದ ರಾತ್ರಿ ಅಲ್ಲಿ ತಂಗಿ ಬೆಳಿಗ್ಗೆ ಹೊರಡುವುದು. 2013ರ ಏಪ್ರಿಲ್‌ನಲ್ಲಿ ಇದನ್ನು ತೆರೆದವರು ಮನಮೋಹನ ಶೆಟ್ಟಿಯವರು. 1978ರಲ್ಲಿ ಆಡ್‌ಲ್ಯಾಬ್ಸ್ ಎಂಬ ಸಿನೆಮಾ ರೀಲು ತೊಳೆಯುವ ಕಾರಖಾನೆ ಹಾಕಿದವರು ಇವರೇ. ಉದ್ಯಾನಕ್ಕೆ ಜನ ಬಂದರು, ಆದರೆ ಸಾಲ ಜನಕ್ಕಿಂತ ಬೇಗ ಬೆಳೆಯಿತು. 2022ರಲ್ಲಿ ಅದು ಸಂಗಮನೇರದ ಮಾಲಪಾಣಿ ಮನೆತನದವರ ಕೈಗೆ ಬಂತು. ಇಷ್ಟು ದೊಡ್ಡ ಅಂಗಡಿಗೂ ಬಡ್ಡಿಯ ಕಾಟ ತಪ್ಪಲಿಲ್ಲವಲ್ಲ ಎಂದು ನಮ್ಮಂಥ ಸಣ್ಣವರು ಸ್ವಲ್ಪ ಸಮಾಧಾನಪಟ್ಟುಕೊಳ್ಳಬಹುದು.

ಮೊದಲ ಸಲ ಹೋದದ್ದು ಮೊಮ್ಮಗನ ಹಟಕ್ಕೆ. ಅವನಿಗಾಗ ಒಂಬತ್ತು ವರ್ಷ. ನಮ್ಮ ಯೋಜನೆಯೆಂದರೆ ನೆರಳಿನ ಬಾಕಿನ ಮೇಲೆ ಕೂತು ಚೀಲ ಕಾಯುವುದು. ಅಲ್ಲಿ ನೈಟ್ರೋ ಎಂಬ ರೋಲರ್ ಕೋಸ್ಟರ್ ಇದೆ. ಸ್ವಿಟ್ಜರ್‌ಲ್ಯಾಂಡಿನ ಕಂಪನಿಯೊಂದು ಮಾಡಿಕೊಟ್ಟದ್ದು, ಸುಮಾರು 40 ಮೀಟರ್ ಎತ್ತರ, ಗಂಟೆಗೆ ನೂರು ಕಿಲೋಮೀಟರ್ ದಾಟುವ ವೇಗ, ನಡುವೆ ಐದು ಸಲ ಮನುಷ್ಯನನ್ನು ತಲೆಕೆಳಗು ಮಾಡುತ್ತದೆ. ಹುಡುಗ ಸೊಲ್ಲಾಪುರದಿಂದ ಇದರದೇ ಜಪ ಮಾಡುತ್ತ ಬಂದಿದ್ದ. ಬಾಗಿಲಲ್ಲಿ ಎತ್ತರ ಅಳೆಯುವ ಗೆರೆ ಇರುತ್ತದೆ. ಅದಕ್ಕೆ ನಮ್ಮವ ಎರಡು ಬೆರಳು ಕಡಿಮೆ ಬಿದ್ದ. ಕಾವಲಿನ ಹುಡುಗ ಮರಾಠಿಯಲ್ಲಿ ಮೆತ್ತಗೆ ಹೇಳಿದ, ಮುಂದಿನ ವರ್ಷ ಬಾ ಎಂದು. ಮೊಮ್ಮಗ ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. "ಅಜ್ಜಾ, ನೀವರ ಹೋಗಿ ಬರ್ರಿ. ಬಂದು ನನಗ ಎಲ್ಲಾ ಹೇಳ್ರಿ" ಎಂದ.

ಹೀಗೆ ನಾವು ಏರಿದ್ದು. ಹೆಗಲ ಮೇಲೆ ಕಬ್ಬಿಣದ ಪಟ್ಟಿ ಇಳಿಯಿತು. ಆ ಮೇಲೆ ಕಾಲ ಕೆಳಗಿನ ನೆಲವೇ ಸರಿದುಹೋಯಿತು, ಕಾಲು ಗಾಳಿಯಲ್ಲಿ ತೂಗಾಡಿದವು. ಇಳಿದು ಬಂದಾಗ ಚಪ್ಪಲಿ ಯಾವ ಕಾಲಿನದೆಂದು ತಿಳಿಯಲಿಲ್ಲ. ಆದರೂ ಬಾಕಿನ ಮೇಲೆ ಕೂತು ಮೊಮ್ಮಗನಿಗೆ ಅರ್ಧ ತಾಸು ವರ್ಣಿಸಿದೆವು. ಮೇಲಿನಿಂದ ಸಹ್ಯಾದ್ರಿ ಗುಡ್ಡಗಳು ಹೇಗೆ ತಿರುಗಿ ಕಂಡವು, ಜನ ಇರುವೆಯಂತೆ ಹೇಗಿದ್ದರು ಎಲ್ಲವನ್ನೂ ಹೇಳಿದೆವು. ಅವನು ಬಾಯಿ ತೆರೆದು ಕೇಳಿದ.

ಹುಚ್ಚು ಹತ್ತಿದ್ದು ಅಲ್ಲಿಂದ. ಜನವರಿಯಲ್ಲಿ ಹೋದೆವು, ಮಾರ್ಚ್‌ನಲ್ಲಿ ಹೋದೆವು. ವಾರದ ನಡುವಿನ ದಿನ ಹೋದರೆ ಸರದಿ ಸಣ್ಣದಿರುತ್ತದೆಂದು ತಿಳಿದುಕೊಂಡೆವು. ಆಟದ ಹಿಂದಿನ ಲೆಕ್ಕವನ್ನೂ ತಿಳಿದುಕೊಂಡೆವು, ಏಕೆಂದರೆ ಮಾಲು ತಿಳಿಯದೆ ಕೊಳ್ಳುವ ಅಭ್ಯಾಸ ನಮಗಿಲ್ಲ. ಗಾಡಿಗೆ ಇಂಜಿನ್ ಇರುವುದಿಲ್ಲ. ಸರಪಳಿಯೊಂದು ಅದನ್ನು ತುದಿಗೆ ಎಳೆದು ಬಿಡುತ್ತದೆ. ಮುಂದಿನ ಓಟವೆಲ್ಲ ಆ ಎತ್ತರದ ಬಂಡವಾಳದ ಮೇಲೆಯೇ. ಖರ್ಚಾಗುತ್ತ ಹೋಗುತ್ತದೆ, ಆದ್ದರಿಂದ ಹಿಂದಿನ ಗುಡ್ಡ ಮೊದಲಿನಷ್ಟು ಎತ್ತರ ಇರಲಾರದು. ಚಕ್ರಗಳು ಹಳಿಯ ಮೇಲೆ ಮಾತ್ರವಲ್ಲ, ಪಕ್ಕಕ್ಕೂ ಅಡಿಗೂ ಹಿಡಿದಿರುತ್ತವೆ. ಹೀಗೆ ಅಡಿಗೆ ಹಿಡಿಯುವ ಚಕ್ರಕ್ಕೆ ಅಮೆರಿಕದ ಜಾನ್ ಮಿಲ್ಲರ್ ಎಂಬವರು 1919ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಅದಕ್ಕೇ ತಲೆಕೆಳಗಾದರೂ ಗಾಡಿ ಬೀಳದು.

ಇನ್ನೊಂದು ಸ್ವಾರಸ್ಯ. ಸುತ್ತು ಹಾಕುವ ಹಳಿ ನೋಡಲು ಬಳೆಯಂತೆ ದುಂಡಗಿರುವುದಿಲ್ಲ, ನೀರಿನ ಹನಿಯಂತೆ ಮೇಲೆ ಕಿರಿದು ಕೆಳಗೆ ಅಗಲ. 1895ರಲ್ಲಿ ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ ಪೂರ್ತಿ ದುಂಡಗಿನ ಸುತ್ತು ಕಟ್ಟಿದ್ದರು. ಒಳಹೋಗುವಾಗಲೇ ಎಲ್ಲ ಭಾರ ಒಮ್ಮೆಗೆ ಬಿದ್ದು ಜನರ ಕುತ್ತಿಗೆ ಉಳುಕುತ್ತಿತ್ತಂತೆ. ಜರ್ಮನಿಯ ವೆರ್ನರ್ ಸ್ಟೆಂಗೆಲ್ ಎಂಬ ಇಂಜಿನಿಯರು ಹನಿಯಾಕಾರದ ಲೆಕ್ಕ ಹಾಕಿ ಕೊಟ್ಟ ಮೇಲೆ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸರಿಯಾದ ಸುತ್ತು ಓಡಿತು. ಇದನ್ನು ಕಿರ್ದಿ ಬರೆಯುವ ನಮ್ಮ ಗುಮಾಸ್ತನಿಗೆ ವಿವರಿಸುವಾಗ ಒಂದು ಗಿರಾಕಿ ಕಾದು ಕಾದು ಎದ್ದು ಹೋದ.

ನಮ್ಮ ಮನೆಯವರಿಗೆ ಬೇರೆಯೇ ಆಟ ಹಿಡಿಸಿತು. 'ಐ ಫಾರ್ ಇಂಡಿಯಾ' ಎಂದು ಅದರ ಹೆಸರು. ಕಾಲು ಇಳಿಬಿಟ್ಟು ದೊಡ್ಡ ಪರದೆಯ ಮುಂದೆ ತೂಗಿದರೆ ಇಡೀ ದೇಶದ ಮೇಲೆ ಹಾರಿದಂತಾಗುತ್ತದೆ. ಮಂಡಿನೋವಿನವರಿಗೆ ಇದಕ್ಕಿಂತ ಸುಲಭದ ಯಾತ್ರೆ ಬೇರಿಲ್ಲ ಎನ್ನುತ್ತಾರೆ. ಸಂಜೆಯ ಮೆರವಣಿಗೆಗೆ ಮೊದಲೇ, ಹೊತ್ತು ಮುಳುಗುವ ಮುಂಚೆ, ನಮ್ಮೆಲ್ಲರ ಊಟ ಮುಗಿಸುವ ಜವಾಬ್ದಾರಿಯೂ ಅವರದೇ. ರಾಜಾಸಾರಸ್ ಎಂಬ ದೋಣಿ ಆಟದಲ್ಲಿ ಮೊಮ್ಮಗನಿಗೆ ಹೆಚ್ಚು ಆನಂದ. ಆ ಹೆಸರಿನ ಪ್ರಾಣಿ ಗುಜರಾತಿನ ರಾಹಿಯೋಲಿಯಲ್ಲಿ ಎಲುಬು ಸಿಕ್ಕ ನಿಜವಾದ ಡೈನೋಸಾರ್ ಎಂದೂ, 2003ರಲ್ಲಿ ಅದಕ್ಕೆ ಹೆಸರಿಟ್ಟರೆಂದೂ ಅವನೇ ನಮಗೆ ಹೇಳಿದ.

ಟಿಕೀಟು ಅಗ್ಗವಲ್ಲ. ಖರ್ಚಿನ ವಹಿಯಲ್ಲಿ ಎಲ್ಲವನ್ನೂ 'ಮೊಮ್ಮಗನ ಖಾತೆ' ಎಂದು ಬರೆದೆವು. ನೈಟ್ರೋ ಏರಿದ್ದು ಯಾರು ಎಂದು ಮಗ ಒಂದು ದಿನ ಕೇಳಿದ.

ಮಾರ್ಚ್‌ನಲ್ಲಿ ಒಂದು ಪ್ರಸಂಗ ನಡೆಯಿತು. ಗೆರೆಯ ಹತ್ತಿರ ಹುಡುಗ ಒಮ್ಮೆಲೇ ಎತ್ತರ ಕಂಡ. ಕಾವಲಿನವ ಬಿಡಲು ಕೈ ಎತ್ತಿದ್ದ. ನಮಗೆ ನಡಿಗೆ ಸರಿಕಾಣಲಿಲ್ಲ. ಪಕ್ಕಕ್ಕೆ ಕರೆದು ಬೂಟು ಬಿಚ್ಚಿಸಿದರೆ ಒಳಗೆ ನಮ್ಮ ಅಂಗಡಿಯದೇ ಟಾವೆಲ್ ಡಬ್ಬಿಯ ರಟ್ಟು, ನಾಲ್ಕು ಮಡಿಕೆ. ಆ ಪಟ್ಟಿ ಮೈಗೆ ಸರಿಯಾಗಿ ಕೂರಬೇಕೆಂದೇ ಗೆರೆ ಇಟ್ಟಿರುತ್ತಾರೆ, ರಟ್ಟಿನಿಂದ ಹೆಗಲು ಬೆಳೆಯುತ್ತದೇನು ಎಂದು ಬೈದೆವು. ಗಜಕಡ್ಡಿಯಲ್ಲಿ ಎರಡು ಬೆರಳು ಕಡಿಮೆ ಅಳೆಯುವ ವ್ಯಾಪಾರಿಯ ಮಾತನ್ನೂ ಹೇಳಿದೆವು. ಜೋರಾಗಿಯೇ ಹೇಳಿದೆವೆಂದು ಕಾಣುತ್ತದೆ, ಸರದಿಯವರೆಲ್ಲ ತಿರುಗಿ ನೋಡಿದರು. ಅಂದು ನಾವೂ ಏರಲಿಲ್ಲ.

ಮೇ ತಿಂಗಳಲ್ಲಿಯೂ ಅವನಿಗೆ ಒಂದು ಬೆರಳು ಬಾಕಿ ಇತ್ತು. ನಾವು ಎರಡು ಸಲ ಏರಿದೆವು. ಆ ಮೇಲೆ ಮಳೆಗಾಲ, ಚಾತುರ್ಮಾಸ, ಪ್ರಯಾಣವಿಲ್ಲ. ಆಗಸ್ಟ್‌ನಲ್ಲಿ ತಲೆ ತಿರುಗಿತೆಂದು ವೈದ್ಯರಲ್ಲಿ ಹೋದಾಗ ರಕ್ತದೊತ್ತಡ ಹೆಚ್ಚಿದೆ ಎಂದು ದಿನಕ್ಕೊಂದು ಗುಳಿಗೆ ಬರೆದರು. ದೊಡ್ಡ ಸಂಗತಿಯಲ್ಲ, ನಮ್ಮ ಪೇಟೆಯಲ್ಲಿ ಗುಳಿಗೆ ನುಂಗದ ವ್ಯಾಪಾರಿ ಯಾರಿದ್ದಾರೆ?

2024ರ ದೀಪಾವಳಿಯ ಮರುವಾರ ಐದನೇ ಸಲ ಹೋದೆವು. ಹುಡುಗ ತಾನೇ ಬೂಟು ಬಿಚ್ಚಿ ಬರಿಗಾಲಲ್ಲಿ ಗೆರೆಗೆ ನಿಂತ. ಗೆರೆ ದಾಟಿದ್ದ. ಕಾವಲಿನವ ನಕ್ಕು ಬೂಟು ಹಾಕಿಕೊಳ್ಳಲು ಹೇಳಿದ. ನಮ್ಮ ಕೈ ಹಿಡಿದು ಎಳೆದುಕೊಂಡೇ ಹೊರಟ.

ಬಾಗಿಲ ಪಕ್ಕದ ಫಲಕ ವರ್ಷವಿಡೀ ಅಲ್ಲೇ ಇತ್ತು. ಹೃದಯರೋಗ, ರಕ್ತದೊತ್ತಡ, ಬೆನ್ನುನೋವು ಇದ್ದವರು ಏರಬಾರದೆಂದು. ನಾಲ್ಕು ಸಲವೂ ಅದು ನಮಗೆ ಸಂಬಂಧಿಸಿದ್ದಲ್ಲವೆಂದು ದಾಟಿದ್ದೆವು. ಈಗ ಮನಸ್ಸು ಲೆಕ್ಕ ಶುರುಮಾಡಿತು. ಗುಳಿಗೆ ತಗೊಂಡಿದ್ದೇವೆ, ಒತ್ತಡ ಹಿಡಿತದಲ್ಲಿದೆ, ಎಂದರೆ ಇಲ್ಲವೆಂದೇ ಅರ್ಥ. ಯಾರೂ ಅಳೆಯುವುದಿಲ್ಲ, ಇದಕ್ಕೆ ಗೋಡೆಯ ಮೇಲೆ ಗೆರೆಯೂ ಇಲ್ಲ. ಒಂದೇ ಸಲ, ಹುಡುಗನ ಸಂತೋಷಕ್ಕೆ. ವಾಚಕರೇ, ನಾವು ಎರಡು ಹೆಜ್ಜೆ ಮುಂದೆ ಇಟ್ಟದ್ದು ಖರೆ.

ಹುಡುಗ ಫಲಕ ಓದುತ್ತ ನಿಂತಿದ್ದ. "ಅಜ್ಜಾ, ನೀವು ಮುಂಜಾನೆ ತಗೋತೀರಲ್ಲ ಗುಳಿಗಿ, ಅದು ಯಾವುದರದು?" ಎಂದು ಕೇಳಿದ.

ಹಿಂದೆ ಸರದಿ ತಳ್ಳುತ್ತಿತ್ತು. ನಾವು ಹೇಳಿದೆವು. ಅವನು ನಮ್ಮ ಕೈ ಬಿಟ್ಟ, ಏನೂ ಅನ್ನಲಿಲ್ಲ. ಅವನ ಅತ್ತೆ, ನಮ್ಮ ಮಗಳು, ಅವನ ಜೊತೆಗೆ ಹೋದಳು. ನಾವು ಹಿಂದಿರುಗಿ ಬಾಕಿನ ಮೇಲೆ ಚೀಲಗಳ ನಡುವೆ ಕೂತೆವು. ಸರಪಳಿ ಏರುವ ಕಟಕಟ ಸದ್ದು ಕೆಳಗಿನಿಂದ ಇಷ್ಟು ಕೇಳಿಸುತ್ತದೆಂದು ಗೊತ್ತೇ ಇರಲಿಲ್ಲ.

ಬಂದ, ಕೂದಲು ಎದ್ದು ನಿಂತಿತ್ತು. ಸರಪಳಿ, ಮೊದಲ ಇಳಿತ, ಅತ್ತೆಯ ಕಿರುಚಾಟ, ಎಲ್ಲವನ್ನೂ ಹೇಳಿದ. "ಗುಡ್ಡ ಹೆಂಗ ಕಂಡವು?" ಎಂದೆವು.

ಸ್ವಲ್ಪ ಹೊತ್ತು ನೆಲ ನೋಡಿದ. "ಕಣ್ಣು ಮುಚ್ಚಿದ್ನಿ ಅಜ್ಜಾ. ಎಲ್ಲಾ ಮುಗಿಯೂತನಕ."

ಮೊದಲ ಸಲ ನಾವೂ ಮುಚ್ಚಿದ್ದೆವು. ಸಹ್ಯಾದ್ರಿಯನ್ನೂ ಇರುವೆಯಂಥ ಜನರನ್ನೂ ಬಾಕಿನ ಮೇಲೆ ಕೂತೇ ಕಟ್ಟಿ ಹೇಳಿದ್ದು. ಜನವರಿಯಲ್ಲಿ ಕಣ್ಣು ತೆರೆದಾಗ ಗುಡ್ಡ ಕಂಡವಾದರೂ ಹಿಂದಿನ ಮಾತು ತಿದ್ದಿರಲಿಲ್ಲ. ಅದನ್ನು ಅವನಿಗೆ ಅಲ್ಲಿಯೇ ಹೇಳಿದೆವು. ನಮ್ಮನ್ನು ಬಹಳ ಹೊತ್ತು ನೋಡಿದ. ಆ ಮೇಲೆ, "ಹಂಗಾದ್ರ ಇನ್ನೊಮ್ಮೆ ಹೋಗಿ ನೋಡಿ ಬಂದು ಹೇಳ್ತೀನ್ರಿ" ಎಂದು ಅತ್ತೆಯನ್ನು ಎಬ್ಬಿಸಿಕೊಂಡು ಮತ್ತೆ ಸರದಿಗೆ ನಡೆದ.