ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿ

ರಾಯಚೂರಿನಿಂದ ಕಲ್ಲೂರು, ಸಿರವಾರದ ದಾರಿ ಹಿಡಿದು ಪಶ್ಚಿಮಕ್ಕೆ ಸಾಗಿದರೆ ಲಿಂಗಸುಗೂರು ತಾಲ್ಲೂಕು. 12ನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅಲ್ಲಿಯ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳೆಂಬುದು ಪರಂಪರೆಯ ಕಥನ.

ಇಂದು ನಗರಗಳಲ್ಲಿ ‘ಸರಳ ಬದುಕು’ ಎಂಬ ಹೊಸ ಶೋಕಿ ಹುಟ್ಟಿದೆ. ಕೊಂಡದ್ದನ್ನೆಲ್ಲ ಕಸಕ್ಕೆ ಹಾಕಿ, ಬರಿದಾದ ಕೋಣೆಯನ್ನು ನೋಡಿ ಹಿಗ್ಗುವುದೇ ಅದರ ಸಾಧನೆ. ಲಕ್ಕಮ್ಮನ ತಡೆ ಹೊಸ್ತಿಲಲ್ಲಿತ್ತು, ಇವರದು ಹಿತ್ತಿಲಲ್ಲಿದೆ.

ಅದೇ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಒಂದು ಟನ್ ಅದಿರನ್ನು ಅರೆದು ಸಯನೈಡಿನಿಂದ ಸಂಸ್ಕರಿಸಿದರೆ ದೊರೆಯುವುದು ಕೆಲವೇ ಗ್ರಾಂ. ಮಿಕ್ಕ ಹುಡಿಯೆಲ್ಲ ದಿಬ್ಬವಾಗಿ ನಿಲ್ಲುತ್ತದೆ. ಆಯ್ದ ಅಕ್ಕಿಯನ್ನು ಮರಳಿಸಬಹುದು. ಅರೆದ ಕಲ್ಲನ್ನು ಮರಳಿಸಲಾದೀತೆ? ಬಡವರ ಮನೆಯ ಎರಡೆಳೆ ಸರ ಕಷ್ಟಕಾಲದ ಊರುಗೋಲು, ನಿಜ. ಅದಕ್ಕೆ ಯಾರ ಆಕ್ಷೇಪವೂ ಸಲ್ಲದು. ಮದುವೆಯ ಮಂಟಪದಲ್ಲಿ ಒಂದು ದಿನ ಮೆರೆದು ಬ್ಯಾಂಕಿನ ಕತ್ತಲೆಗೆ ಹೋಗುವ ಒಡವೆಗೆ ಆ ನೆವವೂ ಇಲ್ಲ.

ಮಲೆನಾಡಿಗೆ ಇದು ದೂರದ ಮಾತಲ್ಲ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು, ಹೋರಾಟ ಗೆದ್ದಿತು. ಅದೇ ವರುಷಗಳಲ್ಲಿ ಸಂಡೂರಿನ ಗುಡ್ಡಗಳು ಕರಗುತ್ತಿದ್ದವು. ಕುದುರೆಮುಖ ಉಳಿಯಿತೆಂದು ಹಿಗ್ಗಿದ ಮನೆಗಳಿಗೂ ಉಕ್ಕಿನ ಹೊಸ ಕಪಾಟುಗಳು ಬರುತ್ತಲೇ ಇದ್ದವು.